ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದ ಮೇಡಂ

ಯಾರ ಮನೆಗೆ ಹೋದರೂ ಕೊಟ್ಟ ನೀರು ಕುಡಿಯುವ ಮೊದಲೇ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲು ತೆಗೆಯುವವರನ್ನು ನಾನು ಜೀವನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ನಮ್ಮ ಮೇಡಂ. ಕೇಳಿ ತೆಗೆಯಬೇಕು ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಬಾಗಿಲು ತೆಗೆದು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಒಳಗಿನ ಸಣ್ಣ ದೀಪದ ಬೆಳಕಿನಲ್ಲಿ ತುಸು ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಮನೆಯವರ ಕಡೆ ತಿರುಗಿ, "ಮನ್ಯಾಗ ಯಾರಿಗೋ ಆರಾಮಿಲ್ಲ ಅಲ್ಲ?" ಎಂದೋ, "ರಾತ್ರಿ ಊಟಕ್ಕ ಯಜಮಾನ್ರು ಬರೂದಿಲ್ಲೇನ್ರಿ?" ಎಂದೋ ಕೇಳುತ್ತಿದ್ದರು. ಬಹಳ ಸಲ ಅದು ನಿಜವೇ ಆಗಿರುತ್ತಿತ್ತು. ನಿಜವಾದಷ್ಟೂ ಮನೆಯವರಿಗೆ ಸಿಟ್ಟು ಬರುತ್ತಿತ್ತು.

ಇತ್ತೀಚೆಗೆ ಅವರು ನಿವೃತ್ತರಾದರು. ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ತಲೆಗೂದಲು ಕಪ್ಪಿದ್ದಾಗ ಸೇರಿ, ಪೂರ್ತಿ ಬೆಳ್ಳಗಾಗುವವರೆಗೆ ಪಾಠ ಹೇಳಿದವರು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಈಗ ನಾನೂ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವವಳು. ರಜೆ ಹಾಕಿ ಹೋದೆ. ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಮೇಡಂ ಅವರ ಶಿಸ್ತು, ಸಮಯಪಾಲನೆ, ಮಿತಭಾಷೆಗಳನ್ನು ಹೊಗಳಿದರು. ಬೇರೆ ಯಾರದೋ ಸಭೆಗೆ ಬಂದುಬಿಟ್ಟೆನೇನೋ ಅನ್ನಿಸಿತು. ಮೇಡಂ ಒಂದು ತರಗತಿಗೂ ಸರಿಯಾದ ಹೊತ್ತಿಗೆ ಬಂದವರಲ್ಲ. ಮಿತಭಾಷೆಯಂತೂ ಅವರ ಓಣಿಯಲ್ಲಿ ಹಾದುಹೋದದ್ದೂ ಇಲ್ಲ. ಕೊನೆಗೆ ಮೈಕು ಅವರ ಕೈಗೆ ಬಂದಾಗ, "ಇವರೆಲ್ಲಾ ಹೇಳಿದ್ದು ಖರೇ ಇದ್ದಿದ್ರ ನಾ ಎಂದೋ ಪ್ರಿನ್ಸಿಪಾಲ್ ಆಗಿರ್ತಿದ್ದೆ. ಹಿಂದ ಊಟಾ ತಣ್ಣಗಾಗಾಕತ್ತದ, ಏಳ್ರಿ," ಎಂದು ಶಾಲು ಮಡಚಿಕೊಂಡು ಇಳಿದೇಬಿಟ್ಟರು.

ಅಷ್ಟೂ ಭಾಷಣಗಳಲ್ಲಿ ನಾನು ಬಲ್ಲ ಮೇಡಂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಕೊನೆಯ ವರ್ಷದಲ್ಲಿದ್ದಾಗ ಅವರು ನಮ್ಮ ಪ್ರಾಜೆಕ್ಟಿಗೆ ಗೈಡ್ ಆಗಿದ್ದರು. ನಾವೆಂದರೆ ಮೂವರು: ಮಹಾಗಾಂವದ ನಾನು, ಕಮಲಾಪುರದ ಸುಜಾತಾ, ಸೇಡಂನ ನಸ್ರೀನ್. ಮೇಡಂಗೆ ವಿದ್ಯಾರ್ಥಿಗಳ ಹೆಸರು ನೆನಪಿರುತ್ತಿರಲಿಲ್ಲ, ಊರು ಮರೆಯುತ್ತಿರಲಿಲ್ಲ. ಹಾಗಾಗಿ ನಮ್ಮನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. "ಏ ಮಹಾಗಾಂವ, ಇಲ್ಲಿ ಬಾ," ಎಂದು ಅವರು ಕಾರಿಡಾರಿನಲ್ಲಿ ಕೂಗಿದರೆ ಊರಿಗೆ ಊರೇ ಎದ್ದು ಹೋಗಬೇಕು, ಅಂಥ ದನಿ. ಅವರ ಮನೆಮಾತು ದಖನಿ ಉರ್ದು. ಆದರೆ ಬೈಯುವುದಕ್ಕೆ ಕನ್ನಡವೇ ಸರಿ ಎನ್ನುವುದು ಅವರ ಅಭಿಪ್ರಾಯವಾಗಿತ್ತು.

ಕೋಟನೂರಿನ ಹೊಸ ಬಡಾವಣೆಯಲ್ಲಿ ನಾವು ಮೂವರೂ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮನೆಯ ಮಾಲೀಕರು ಬಿಟ್ಟುಹೋದ ಒಂದು ಹಳೆಯ ಫ್ರಿಜ್ ಇತ್ತು. ನಮ್ಮ ಊಟ ಮಾತ್ರ ಊರಿನಿಂದ ಬರುತ್ತಿತ್ತು. ನಮ್ಮ ಕಡೆ ಇದೊಂದು ಪದ್ಧತಿ. ಪಟ್ಟಣಕ್ಕೆ ಓದಲು ಬಂದ ಮಕ್ಕಳಿಗೆ ತಾಯಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೊದಲ ಬಸ್ಸಿಗೆ ಕೊಟ್ಟುಬಿಡುತ್ತಾರೆ. ಕಮಲಾಪುರದ ಬಸ್ಸು ಮಹಾಗಾಂವದ ಮೇಲೆಯೇ ಬರುವುದರಿಂದ ಸುಜಾತಾಳ ಡಬ್ಬಿಯೂ ನನ್ನ ಡಬ್ಬಿಯೂ ಡ್ರೈವರನ ಪಕ್ಕದಲ್ಲಿ ಒಟ್ಟಿಗೇ ಪ್ರಯಾಣ ಮಾಡುತ್ತಿದ್ದವು. ನಾವು ಬಸ್ ನಿಲ್ದಾಣಕ್ಕೆ ಹೋಗಿ ಅವನ್ನು ಇಳಿಸಿಕೊಂಡು, ಹಿಂದಿನ ದಿನದ ಡಬ್ಬಿಯನ್ನು ತೊಳೆದು ಅದೇ ಬಸ್ಸಿಗೆ ಕೊಡುತ್ತಿದ್ದೆವು. ಡಬ್ಬಿ ಯಾವಾಗಲೂ ಖಾಲಿಯಾಗಿಯೇ ವಾಪಸ್ ಹೋಗಬೇಕು. ಉಣ್ಣದೆ ಉಳಿದಿದ್ದರೆ ಆಕಳಿಗೆ ಹಾಕಿ, ತೊಳೆದು ಕಳಿಸುವುದು ಮರ್ಯಾದೆ.

ಆದರೆ ಕಲಬುರಗಿಯ ಬಿಸಿಲಿಗೆ ಪಲ್ಯ ಸಂಜೆಯವರೆಗೆ ತಾಳುವುದಿಲ್ಲ. ಫ್ರಿಜ್ಜಿಗೆ ಇಟ್ಟರೆ ಇಟ್ಟದ್ದು ಮರೆತುಹೋಗುತ್ತದೆ. ಯಾರದು ಯಾವಾಗಿನದು ಎಂದು ತಿಳಿಯದೆ ಹಳಸಿದ್ದನ್ನು ಉಂಡು ನಸ್ರೀನ್ ಒಮ್ಮೆ ಹೊಟ್ಟೆ ಕೆಡಿಸಿಕೊಂಡಳು. ಅಲ್ಲಿಂದ ನಮಗೆ ಉಪಾಯ ಹೊಳೆಯಿತು. ವಿದ್ಯಾರ್ಥಿಗಳ ರೂಮಿನ ಫ್ರಿಜ್ಜಿನಲ್ಲಿ ಏನಿದೆ, ಯಾರದು, ಯಾವಾಗ ಉಣ್ಣಬೇಕು ಎಂದು ನೆನಪಿಸುವ ಒಂದು ಆ್ಯಪ್ ಮಾಡುವುದು. ಬಣ್ಣಬಣ್ಣದ ಸ್ಲೈಡುಗಳನ್ನು ಮಾಡಿಕೊಂಡು ಮೇಡಂ ಬಳಿ ಹೋದೆವು. ಅವರು ಮೊದಲ ಸ್ಲೈಡನ್ನೂ ಪೂರ್ತಿ ನೋಡಲಿಲ್ಲ.

"ಫ್ರಿಜ್ ಎಲ್ಲದ?"

"ರೂಮಿನಾಗ ಅದರೀ ಮೇಡಂ."

"ಮತ್ತ ಇಲ್ಲ್ಯಾಕ ಕುಂತೀರಿ? ನಡೀರಿ."

ನಮಗೆ ಬೆವರಿಳಿಯಿತು. ಮುಂದಾಗಿ ಓಡಿ ಸ್ವಚ್ಛ ಮಾಡೋಣವೆಂದರೆ ಅವರು ನಮ್ಮನ್ನೂ ತಮ್ಮ ಜೊತೆಗೇ ಆಟೋದಲ್ಲಿ ಕೂರಿಸಿಕೊಂಡರು. ಮನೆಗೆ ಬಂದವರು ಸೀದಾ ಫ್ರಿಜ್ಜಿನ ಮುಂದೆ ನೆಲದ ಮೇಲೆ ಕುಳಿತು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಒಂದೊಂದನ್ನೇ ಹೊರಗೆ ತೆಗೆದರು. ಒಣಗಿದ ನಿಂಬೆಹಣ್ಣಿನ ಹೋಳು. ಫ್ರಿಜ್ಜಿನಲ್ಲಿ ಇಡಲೇಬೇಕಿಲ್ಲದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ನಸ್ರೀನಳ ಉಗುರಿನ ಬಣ್ಣ. ನನ್ನ ಮುಖಕ್ಕೆ ಹಚ್ಚುವ ಕಡಲೆಹಿಟ್ಟಿನ ಲೇಪ. ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡರು.

"ಇದು ಫ್ರಿಜ್ ಅಲ್ಲ ಬೇಟಾ, ಖಬರಸ್ತಾನ. ಯಾರು ಯಾವಾಗ ಹೋದರು ಅಂತ ಒಂದು ಕಲ್ಲರ ನಿಲ್ಲಸ್ರಿ."

ಅಂದು ಅವರು ನಮ್ಮಿಂದ ಫ್ರಿಜ್ ತೊಳೆಸಿದರು, ತಾವೂ ತೊಳೆದರು. ಆ್ಯಪ್‌ನ ಸುದ್ದಿಯನ್ನೇ ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಈಗ ನಿಮಗ ಫ್ರಿಜ್ ಅಂದ್ರ ಏನು ಅಂತ ಸ್ವಲ್ಪ ತಿಳೀತು. ನಾಳಿಂದ ಬೇರೆ ರೂಮಿಗಿ ಹೋಗಿ ಕೂಡ್ರಿ. ಯಾರು ಯಾವಾಗ ಬಾಗಲಾ ತಗೀತಾರ, ತಗದು ಏನ್ ಮಾಡ್ತಾರ, ಬರೇ ನೋಡ್ರಿ," ಎಂದರು. ನಾವು ಪ್ರಶ್ನೆಗಳ ಒಂದು ಗೂಗಲ್ ಫಾರ್ಮ್ ಕಳಿಸುತ್ತೇವೆ ಎಂದದ್ದಕ್ಕೆ ಅವರಿಗೆ ಕೆಂಡದಂಥ ಕೋಪ. "ಹಸದವರು ಫಾರ್ಮ್ ತುಂಬೂದಿಲ್ಲ. ತುಂಬಿದವರು ಹಸದಿರೂದಿಲ್ಲ!"

ಈ ಮಾತನ್ನು ನಾನೀಗ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನನ್ನದೇ ಮಾತು ಎಂಬಂತೆ ಹೇಳುತ್ತೇನೆ, ಅವರೂ ನಂಬುತ್ತಾರೆ.

ಅವರ ಕಲಿಸುವ ರೀತಿ ಹೀಗೇ. ಪರದೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆಸುತ್ತಿದ್ದರು. ಒಂದು ದಿನ ನಮ್ಮ ಎಡಗೈಗೆ ನೀರು ತುಂಬಿದ ಪಾತ್ರೆ ಕೊಟ್ಟು, ಬಲಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ನಮ್ಮದೇ ಆ್ಯಪ್ ನಡೆಸಿ ತೋರಿಸಿ ಎಂದರು. ನಸ್ರೀನ್ ಹೆಸರು, ತಾರೀಖು, ಪದಾರ್ಥ ಎಂದು ಒಂದೊಂದೇ ತುಂಬುವಷ್ಟರಲ್ಲಿ ನೀರೆಲ್ಲ ಅವಳ ಕಾಲ ಮೇಲೆ. "ಫ್ರಿಜ್ ಮುಂದ ನಿಂತಾಕಿಗೆ ಎಲ್ಲಿ ಎರಡು ಕೈ ಇರ್ತಾವ? ಮಂದಿ ಹೇಳೂದು ಕೇಳಬ್ಯಾಡ್ರಿ, ಅವರ ಕೈ ನೋಡ್ರಿ," ಎಂದರು. ನಾವು ಆ ಫಾರ್ಮನ್ನೆಲ್ಲ ಕಿತ್ತುಹಾಕಿ ಒಂದು ಡಬ್ಬಿಯ ಚಿತ್ರ ಇಟ್ಟೆವು. ಡಬ್ಬಿ ಇಡುವಾಗ ಒಮ್ಮೆ ಒತ್ತಿದರೆ ಸಾಕು, ಉಳಿದದ್ದನ್ನು ಆ್ಯಪ್ ನೋಡಿಕೊಳ್ಳುತ್ತಿತ್ತು. ಅದಕ್ಕೆ 'ಬುತ್ತಿ' ಎಂದು ಹೆಸರಿಟ್ಟವರೂ ಮೇಡಂ.

ನಗಬೇಕಾದಾಗ ಅವರಷ್ಟು ಮನಸಾರೆ ನಗುವವರನ್ನೂ ನಾನು ಕಂಡಿಲ್ಲ. ಕಾಲೇಜಿನ ಪ್ರದರ್ಶನಕ್ಕೆಂದು ನಾವು ಆ್ಯಪ್‌ಗೆ ಒಂದು ಹೆಚ್ಚಿನ ಜಾಣತನ ಕಲಿಸಿದ್ದೆವು: ಹಣ್ಣಿನ ಫೋಟೊ ತೆಗೆದರೆ ಅದು ಹಣ್ಣಾಗಿದೆಯೋ ಕೆಟ್ಟಿದೆಯೋ ಹೇಳುವುದು. ಅಂತರ್ಜಾಲದಿಂದ ರಾಶಿ ರಾಶಿ ಬಾಳೆಹಣ್ಣಿನ ಚಿತ್ರಗಳನ್ನು ಇಳಿಸಿ ತೋರಿಸಿದ್ದೆವು. ಹಸಿರಾದರೆ ಕಾಯಿ, ಹಳದಿಯಾದರೆ ಹಣ್ಣು, ಕೆಂಪು-ಕಂದು ಬಣ್ಣಕ್ಕೆ ತಿರುಗಿದರೆ ಕೊಳೆತದ್ದು. ಪ್ರದರ್ಶನದ ದಿನ ಸುಜಾತಾ ಅಭಿಮಾನದಿಂದ ತನ್ನೂರಿನ ಕೆಂಪು ಬಾಳೆಯ ಒಂದು ಚಿಪ್ಪು ತಂದು ಮೇಜಿನ ಮೇಲಿಟ್ಟಿದ್ದಳು. ಕಮಲಾಪುರದ ಆ ಹಣ್ಣಿಗೆ ನಮ್ಮಲ್ಲಿ ಎಷ್ಟು ಮಾನ ಎಂಬುದನ್ನು ಬೇರೆ ಹೇಳಬೇಕಿಲ್ಲ. ಮುಖ್ಯ ಅತಿಥಿಗಳು ಬಂದರು. ನಸ್ರೀನ್ ಫೋಟೊ ತೆಗೆದಳು. 'ಕೆಟ್ಟಿದೆ, ಎಸೆಯಿರಿ' ಎಂದು ಆ್ಯಪ್ ದೊಡ್ಡಕ್ಷರದಲ್ಲಿ ಹೇಳಿತು.

ನಾವು ನೆಲ ನೋಡಿದೆವು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ಹಣ್ಣು ಸುಲಿದು ಅತಿಥಿಗಳ ಕೈಗೇ ಕೊಟ್ಟರು. "ತಿನ್ರಿ ಸಾಹೇಬ್ರ. ನಮ್ಮ ಆ್ಯಪ್ ಇನ್ನಾ ಕಮಲಾಪುರ ನೋಡಿಲ್ಲ, ಬಸ್ ಹತ್ತಿಸಿ ಕರಕೊಂಡು ಹೋಗಬೇಕಾಗೇದ." ಬೇರೆ ಗೈಡ್ ಆಗಿದ್ದರೆ ನಮ್ಮನ್ನು ಹುರಿದು ಮುಕ್ಕುತ್ತಿದ್ದರು. ಮೇಡಂ ಆ ಸಂಜೆ ನಮಗೆ ಚಹಾ ಕುಡಿಸಿ, ಆ ಜಾಣತನವನ್ನು ತೆಗೆದುಹಾಕಲು ಹೇಳಿ ಸುಮ್ಮನಾದರು.

ಅವರ ಮನೆಯ ಫ್ರಿಜ್ ಹೇಗಿರಬಹುದು ಎಂಬ ಕುತೂಹಲ ನಮಗೆ ಇದ್ದೇ ಇತ್ತು. ಒಮ್ಮೆ ಈದ್ ದಿನ ಹೋದಾಗ ಅವರು ಒಳಗೆ ಶೀರ್‌ಖುರ್ಮಾ ಬಡಿಸುತ್ತಿರುವಷ್ಟರಲ್ಲಿ ನಾನು ಧೈರ್ಯ ಮಾಡಿ ತೆಗೆದೇಬಿಟ್ಟೆ. ದೇವರೇ! ಬಾಗಿಲು ತೆಗೆದೊಡನೆ ಎರಡು ಡಬ್ಬಿ ಕೆಳಗೆ ಉರುಳಿದವು. ನೆರೆಮನೆಯವರು ಕೊಟ್ಟದ್ದು, ಹಳೆಯ ವಿದ್ಯಾರ್ಥಿಗಳು ತಂದದ್ದು, ಯಾರದೋ ಮದುವೆಯ ಸಿಹಿ. ಯಾರಿಗೂ ಬೇಡವೆನ್ನಲು ಬಾರದ ಒಬ್ಬಂಟಿ ಹೆಂಗಸಿನ ಫ್ರಿಜ್ ಅದು. ಬೆನ್ನ ಹಿಂದೆ ದನಿ ಕೇಳಿತು. "ಉಪದೇಶ ಮಾಡಾಕ ಸ್ವಂತ ಫ್ರಿಜ್ ಸ್ವಚ್ಛ ಇರಬೇಕು ಅಂತ ಎಲ್ಲಿ ಬರದದ? ಮುಚ್ಚು ಬಾಗಲಾ!"

ಹಾಗೆಂದು ಅವರದು ಎಲ್ಲವೂ ಸರಿ ಇತ್ತು ಎಂದು ನಾನು ಹೇಳುತ್ತಿಲ್ಲ. ನಾನು ಅವರನ್ನು ಇಷ್ಟು ಗೌರವಿಸುವುದಕ್ಕೆ ಕಾರಣ ಅವರು ಮಾಡಿದ ಒಂದು ತಪ್ಪು.

'ಬುತ್ತಿ'ಯ ಕೆಲಸ ಹೆಚ್ಚುಕಡಿಮೆ ಮುಗಿದಾಗ ಒಂದು ಮಧ್ಯಾಹ್ನ ಮೇಡಂ ಏಕಾಏಕಿ, "ಅಡಿಗಿ ಮಾಡಿದಾಕಿ ಇದರಾಗ ಎಲ್ಲಿದ್ದಾಳ?" ಎಂದರು. ನಮಗೆ ಅರ್ಥವಾಗಲಿಲ್ಲ. "ನಸುಕಿನ್ಯಾಗ ಎದ್ದು ರೊಟ್ಟಿ ಬಡದು ಬಸ್ಸಿಗಿ ಕೊಡ್ತಾಳ. ಆಮ್ಯಾಲ ಆಕಿಗೆ ಸುದ್ದೀನೇ ಇಲ್ಲ. ನಮ್ಮ ಅಮ್ಮಿ ಸಾಯೋತನಾ ನನಗ ಫೋನ್ ಹಚ್ಚಿ ಕೇಳೋ ಮಾತು ಒಂದೇ, ಉಂಡೇನು ಅಂತ. ಆಕಿಗೆ ಸುದ್ದಿ ಹೋಗಬೇಕು." ಅವರ ಕಣ್ಣುಗಳು ಹೊಳೆಯುತ್ತಿದ್ದವು. ನಮಗೂ ಅದು ಬಹಳ ಚಂದ ಕಂಡಿತು. ನಸ್ರೀನ್ ಎರಡೇ ದಿನದಲ್ಲಿ ಬರೆದು ಮುಗಿಸಿದಳು. ಸಂಜೆ ಆ್ಯಪ್ 'ಊಟ ಆಯಿತೇ?' ಎಂದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ: 'ಉಂಡೆ', 'ಉಂಡಿಲ್ಲ'. ಒತ್ತಿದ್ದು ಮನೆಯ ಫೋನಿಗೆ ಮೆಸೇಜ್ ಆಗಿ ಹೋಗುತ್ತಿತ್ತು.

ನಾನು ದಿನವೂ 'ಉಂಡೆ' ಒತ್ತುತ್ತಿದ್ದೆ. ಉಣ್ಣದ ದಿನವೂ ಅದನ್ನೇ ಒತ್ತುತ್ತಿದ್ದೆ. ಡಬ್ಬಿ ತೊಳೆದು ಕಳಿಸುವವರು ಇನ್ನೇನು ಒತ್ತುತ್ತಾರೆ?

ಕೆಲವು ವಾರ ಕಳೆದವು. ಸುಜಾತಾಳ ಡಬ್ಬಿ ಯಾಕೋ ದಿನದಿಂದ ದಿನಕ್ಕೆ ದೊಡ್ಡದಾಗತೊಡಗಿತು. ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ, ಹಬ್ಬವಿಲ್ಲದೆ ಹಬ್ಬದ ಊಟ. ನಮಗಂತೂ ಸುಗ್ಗಿ. ಆದರೆ ಡಬ್ಬಿ ದೊಡ್ಡದಾದಷ್ಟೂ ಸುಜಾತಾಳ ಮುಖ ಸಣ್ಣದಾಗುತ್ತಿತ್ತು. ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು.

ಪ್ರಾಜೆಕ್ಟಿನ ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ಟೆಂಪೊ ನಿಂತಿತು. ಸುಜಾತಾಳ ತಂದೆ. ಕಮಲಾಪುರದಲ್ಲಿ ಬಾಡಿಗೆಗೆ ಟೆಂಪೊ ಹೊಡೆಯುವ ಮನುಷ್ಯ, ಮಾತು ಕಡಿಮೆ. ಒಳಗೆ ಬಂದು ಮಗಳ ಬ್ಯಾಗ್ ಎತ್ತಿಕೊಂಡರು.

"ಸಾಕು ಓದಿದ್ದು. ನಡಿ ಮನಿಗಿ."

ನಾವು ಗಾಬರಿಯಾಗಿ ಅಡ್ಡ ನಿಂತೆವು. ಅವರು ಜೇಬಿನಿಂದ ಫೋನ್ ತೆಗೆದು ತೋರಿಸಿದರು. ಸಾಲಾಗಿ ಒಂದೇ ಮೆಸೇಜ್: 'ಸುಜಾತಾ ಇಂದು ಉಂಡಿಲ್ಲ'.

"ಸುಳ್ಳ್ರೀ ಕಾಕಾ!" ಎಂದೆ ನಾನು. "ದಿನಾ ನಮ್ಮ ಕೂಡ ಕುಂತು ಉಣತಾಳ. ನಮಗಿಂತ ಜಾಸ್ತಿ ಉಣತಾಳ."

"ನೀವು ಆಕಿ ಗೆಳತ್ಯಾರು, ಹಿಂಗೇ ಅಂತೀರಿ. ಮಷೀನ್ ಯಾಕ ಸುಳ್ಳು ಹೇಳ್ತದ?" ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. "ನನಗ ಸಣ್ಣ ಅಕ್ಷರ ಕಾಣಸೂದಿಲ್ಲವ್ವಾ. ಟೆಂಪೊ ಸ್ಟ್ಯಾಂಡಿನ್ಯಾಗ ಗೆಳ್ಯಾರು ಓದಿ ಹೇಳ್ತಾರ. ಮನಿ ರೊಟ್ಟಿ ಬ್ಯಾಡಾದ ಹುಡುಗಿ ಎಲ್ಲಿ ಉಣ್ಣಾಕತ್ತಾಳ, ಯಾರ ಕೂಡ ಉಣ್ಣಾಕತ್ತಾಳ ಅಂತ ಕೇಳ್ತಾರ. ಏನ್ ಹೇಳ್ಲಿ ನಾ?"

ಸುಜಾತಾ ಪುಸ್ತಕಗಳನ್ನು ಗಂಟು ಕಟ್ಟಿಕೊಂಡು ಟೆಂಪೊ ಹತ್ತಿದಳು. ನನಗೆ ಅಳು ತಡೆಯಲಾಗಲಿಲ್ಲ. ಪರೀಕ್ಷೆಗೆ ಅವಳು ಬಾರದಿದ್ದರೆ ಅವಳ ಎಂಜಿನಿಯರಿಂಗ್ ಅಲ್ಲಿಗೇ ಮುಗಿಯುತ್ತಿತ್ತು.

ಮೇಡಂಗೆ ಹೇಳಿದೆವು. ಆ್ಯಪ್‌ನಲ್ಲೇ ದೋಷವಿದೆ, ಉಂಡವಳನ್ನು ಉಂಡಿಲ್ಲ ಎನ್ನುತ್ತಿದೆ ಎಂದು ನಸ್ರೀನ್ ರಚ್ಚೆ ಹಿಡಿದಳು. ಮೇಡಂ ಅವಳ ಪಕ್ಕ ಕುಳಿತು ಬರೆದದ್ದನ್ನೆಲ್ಲ ಮೊದಲಿನಿಂದ ಓದಿದರು. ದೋಷವಿರಲಿಲ್ಲ. 'ಉಂಡಿಲ್ಲ' ಎಂಬುದನ್ನು ಪ್ರತಿದಿನವೂ ಸುಜಾತಾಳ ಫೋನಿನಿಂದಲೇ, ಅವಳೇ ಒತ್ತಿದ್ದಳು. ನಮಗೆ ತಲೆ ಕೆಟ್ಟುಹೋಯಿತು. ಮೇಡಂ ಮಾತ್ರ ಪರದೆಯ ಮೇಲಿದ್ದ ಇನ್ನೊಂದನ್ನು ನೋಡುತ್ತಿದ್ದರು.

"ಈ ನಂಬರ್ ಯಾರದು?"

"ಸುಜಾತಾನ ಅಪ್ಪಂದರೀ."

"ನಿಂದು?"

"ನಮ್ಮ ಅಣ್ಣಂದರೀ."

"ಸೇಡಂ, ನಿಂದು?"

"ಅಬ್ಬಾಂದ್ರೀ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಡಿಗಿ ಮಾಡಿದಾಕಿಗೆ ಸುದ್ದಿ ಹೋಗ್ಲಿ ಅಂತ ನಾನೇ ಕುಣದೆ. ಒಂದರ ಆಕಿ ಕೈಗಿ ಹೋಗ್ಯಾದೇನು? ಆಕಿ ಕೈಯಾಗ ಫೋನ್ ಅದ ಏನಿಲ್ಲ ಅಂತ ಕೇಳಲಿಲ್ಲಲ್ಲ ನಾ." ಅವರನ್ನು ನಾನು ಸಿಟ್ಟಿನಲ್ಲಿ ನೋಡಿದ್ದೆ, ನಗುವಿನಲ್ಲಿ ನೋಡಿದ್ದೆ. ಅಷ್ಟು ಸಣ್ಣಗಾಗಿ ಕುಳಿತದ್ದನ್ನು ಅಂದೇ ನೋಡಿದ್ದು.

ಆ ಭಾನುವಾರ ಬೆಳಿಗ್ಗೆ ಮೇಡಂ ಬಸ್ ನಿಲ್ದಾಣಕ್ಕೆ ನನಗಿಂತ ಮೊದಲೇ ಬಂದು ನಿಂತಿದ್ದರು. ಸಮಯಕ್ಕಿಂತ ಮುಂಚೆ ಅವರು ಎಲ್ಲಿಗಾದರೂ ಬಂದದ್ದು ಅದೊಂದೇ ಸಲವಿರಬೇಕು. ಅವರೂ ನಾನೂ ಇಬ್ಬರೇ. ದಾರಿಯಲ್ಲಿ ಮಹಾಗಾಂವದಲ್ಲಿ ಇಳಿಯದೆ ಮುಂದೆ ಹೋದರೆ ನನ್ನ ಅವ್ವ ನನ್ನನ್ನು ಜೀವಸಹಿತ ಬಿಡುತ್ತಿರಲಿಲ್ಲ. ಅವ್ವ ಮೇಡಂರನ್ನು ಕೂರಿಸಿ, ಬೇಡ ಬೇಡವೆಂದರೂ ರೊಟ್ಟಿಯ ಮೇಲೆ ರೊಟ್ಟಿ ಹಾಕಿ ಕತ್ತಿನವರೆಗೆ ಉಣಿಸಿದಳು. ಮುಂದಿನ ಬಸ್ಸಿನಲ್ಲಿ ಮೇಡಂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತು, "ಇನ್ನ ನಾಳಿತನಾ ನನಗ ನೀರೂ ತೋರಿಸಬ್ಯಾಡ ಮಹಾಗಾಂವ," ಎಂದರು. ಆಮೇಲೆ ಕಮಲಾಪುರ ಬರುವವರೆಗೆ ಕಿಟಕಿಯಾಚೆ ತೊಗರಿ ಹೊಲಗಳನ್ನೇ ನೋಡುತ್ತಿದ್ದರು.

ಸುಜಾತಾಳ ಮನೆ ಎರಡು ಕೋಣೆಯದು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಸುಜಾತಾಳ ಪುಸ್ತಕಗಳು ಕಟ್ಟಿಟ್ಟ ಹಾಗೇ ಇದ್ದವು. ಫ್ರಿಜ್ ಇರಲಿಲ್ಲ, ಹಾಗಾಗಿ ಮೇಡಂ ಬೇರೆ ದಾರಿ ಇಲ್ಲದೆ ಚಾಪೆಯ ಮೇಲೆ ಕುಳಿತರು. ತಂದೆ ಎದುರಿಗೆ ಕುಳಿತರು. ಅವರು ವಾದಕ್ಕೆ ಸಿದ್ಧವಾಗಿದ್ದರು ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಅಣ್ಣಾರ, ಆ ಮೆಸೇಜ್ ಕಳಸ್ರಿ ಅಂತ ಹುಡುಗ್ಯಾರಿಗಿ ಹೇಳಿದಾಕಿ ನಾನು," ಎಂದರು ಮೇಡಂ. "ನಿಮ್ಮ ಇಜ್ಜತ್ ಸ್ಟ್ಯಾಂಡಿಗಿ ಬಂತಲ್ಲ, ಅದರ ತಪ್ಪು ನಂದು. ಮೊದಲ ಅದಕ್ಕ ಮಾಫಿ ಕೇಳಾಕ ಬಂದೀನಿ."

ಕಾಲೇಜಿನ ದೊಡ್ಡ ಪ್ರಾಧ್ಯಾಪಕಿ ತಮ್ಮೆದುರು ಕೈಮುಗಿದದ್ದು ನೋಡಿ ಆ ಮನುಷ್ಯ ಕುಳಿತಲ್ಲೇ ಹಿಂದೆ ಸರಿದರು. "ಇರ್ಲಿ ಬಿಡ್ರಿ ಮೇಡಂ," ಎಂದರು. "ಆದ್ರ ಆಕಿ ಉಂಡಿಲ್ಲ ಅನ್ನೂದು ಖರೇ ಅಲ್ಲೇನ್ರಿ?"

ಮೇಡಂ ಉತ್ತರಿಸುವಷ್ಟರಲ್ಲಿ ಸುಜಾತಾಳ ತಾಯಿ ಚಹಾ ತಂದರು. ಸೊರಗಿದ ಹೆಂಗಸು. ತಟ್ಟೆಯನ್ನು ನಮ್ಮ ಮುಂದೆ ಹಿಡಿದರು. ನಾನು ಕಪ್ಪು ತೆಗೆದುಕೊಂಡೆ. ಮೇಡಂ ತೆಗೆದುಕೊಳ್ಳಲಿಲ್ಲ, ಆ ತಟ್ಟೆಯನ್ನೇ ನೋಡುತ್ತಿದ್ದರು. ಅದರ ಭಾರವೆಲ್ಲ ಎಡಗೈಯ ಮೇಲಿತ್ತು. ಬಲಗೈ ಸೆರಗಿನೊಳಗಿತ್ತು.

"ತಂಗಿ, ಆ ಕೈ ಸ್ವಲ್ಪ ಹೊರಗ ತಗಿ."

"ಏನಿಲ್ಲರೀ ಅಕ್ಕಾರ. ಉಳುಕೇದ, ಅಷ್ಟ."

ಮೇಡಂ ಎದ್ದು ತಟ್ಟೆ ಇಸಿದುಕೊಂಡು ನನಗೆ ಕೊಟ್ಟು, ಸೆರಗು ಸರಿಸಿದರು. ಮಣಿಕಟ್ಟು ಬಾತು ಹೊಳೆಯುತ್ತಿತ್ತು. ಅದಕ್ಕೆ ಹಳೆಯ ಸೀರೆಯ ಅಂಚು ಸುತ್ತಿದ್ದರು. ಆ ಕೈಯಲ್ಲಿ ದಿನವೂ ರೊಟ್ಟಿ ಬಡಿದಿದ್ದರು. ಆ ರೊಟ್ಟಿಯನ್ನು ನಾವು ಮೂವರೂ ಕಿತ್ತಾಡಿ ಉಂಡಿದ್ದೆವು.

ಮೇಡಂ ಬಾಗಿಲ ಬಳಿ ನಿಂತಿದ್ದ ಸುಜಾತಾಳ ಕಡೆ ತಿರುಗಿದರು. ಅವರ ಬಾಯಲ್ಲಿ ಮೊದಲ ಸಲ ಅವಳ ಹೆಸರು ಬಂತು. "ಸುಜಾತಾ, ಅದಕ್ಕ ಒತ್ತಿದೇನು ಬೇಟಾ?"

ಸುಜಾತಾ ಅಲ್ಲೇ ಕುಸಿದು ಕುಳಿತು ಅಳತೊಡಗಿದಳು. "ಊರಿಗಿ ಬಂದಾಗ ಅವ್ವನ ಕೈ ನೋಡಿದ್ದೆರೀ. ಬುತ್ತಿ ಕಳಸಬ್ಯಾಡ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲರೀ. ಅಪ್ಪಗ ಹೇಳಿದ್ರ ನನ್ನ ಆಣಿ ಅಂದ್ಲು. ನಾ ಉಣ್ಣಂಗಿಲ್ಲ ಅಂತ ಗೊತ್ತಾದ್ರ ಮಾಡೂದು ಬಿಡ್ತಾಳ ಅನಕೊಂಡೆ. ನಾ ಒತ್ತಿದಷ್ಟೂ ಜಾಸ್ತಿ ಮಾಡಿ ಕಳಿಸಿದ್ಲು."

ತಂದೆ ಹೆಂಡತಿಯ ಕೈಯನ್ನೇ ನೋಡುತ್ತಿದ್ದರು. ಒಂದೇ ಮನೆಯಲ್ಲಿದ್ದೂ ಕಂಡಿರಲಿಲ್ಲ. "ನನಗ್ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಬುತ್ತಿ ಬಂದ್ ಮಾಡು ಅಂತಿದ್ರಿ," ಎಂದರು ತಾಯಿ ಮೆಲ್ಲಗೆ. "ಬುತ್ತಿ ಬಂದಾದ್ರ ಆಕಿ ಸಾಲೀನೂ ಬಂದಾಗ್ತದ ಅಂತ ಅಂಜಿದೆ."

ಆ ಮನುಷ್ಯ ಎದ್ದು ಹೊರಗೆ ಹೋಗಿ ಟೆಂಪೊಗೆ ಕೈಯಾನಿಸಿ ನಮಗೆ ಬೆನ್ನು ಮಾಡಿ ನಿಂತರು. ನಾನು ಏನಾದರೂ ಹೇಳಿ ಎಂದು ಮೇಡಂ ಕಡೆ ನೋಡಿದೆ. ಅವರು ಕಣ್ಣಿನಲ್ಲೇ ಸುಮ್ಮನಿರು ಎಂದರು. ಬಹಳ ಹೊತ್ತಿನ ಮೇಲೆ ತಂದೆ ಒಳಗೆ ಬಂದು, ಕಟ್ಟಿಟ್ಟಿದ್ದ ಪುಸ್ತಕದ ಗಂಟನ್ನು ಎತ್ತಿ ಬಾಗಿಲಿಗೆ ತಂದಿಟ್ಟರು.

"ನಾಳಿ ಕಲಬುರಗಿ ದವಾಖಾನಿಗಿ ಹೋಗಿ ಈಕಿ ಕೈ ತೋರಸ್ತೀನ್ರಿ. ಹಂಗೇ ಇಕೀನ ರೂಮಿಗಿ ಬಿಟ್ಟು ಬರ್ತೀನಿ. ಬುತ್ತಿ ಬ್ಯಾಡ. ಅಕ್ಕಿ, ಬ್ಯಾಳಿ ಕೊಡ್ತೀನಿ, ಮೂರೂ ಮಂದಿ ಕೂಡಿ ಮಾಡ್ಕೊಳ್ರಿ."

"ಆ ಮೆಸೇಜ್ ಇವತ್ತೇ ಬಂದ್ ಮಾಡಸ್ತೀನಿ ಅಣ್ಣಾರ," ಎಂದರು ಮೇಡಂ.

ನಾನು ಎಲ್ಲ ಮುಗಿಯಿತೆಂದು ಉಸಿರು ಬಿಟ್ಟೆ. ಆದರೆ ತಾಯಿಯ ಮನಸ್ಸು ಇನ್ನೂ ಬೇರೆಲ್ಲೋ ಇತ್ತು. ಅವರಿಗೆ ಕೈಯದಾಗಲಿ ಮೆಸೇಜಿನದಾಗಲಿ ಚಿಂತೆ ಇರಲಿಲ್ಲ. ಮಗಳ ಮುಂದೆ ಕುಳಿತು ಅವಳ ಮುಖವನ್ನು ಎಡಗೈಯಿಂದ ಎತ್ತಿ ಕೇಳಿದರು.

"ಹಂಗಾದ್ರ ನೀ ಉಂಡೇನ?"

"ಎಲ್ಲಾ ಉಂಡೀನವ್ವಾ. ದಿನಾ ಉಂಡೀನಿ. ಒಂದ ಚೂರೂ ಬಿಟ್ಟಿಲ್ಲ."

ತಾಯಿ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಬಿಕ್ಕಿ ಬಿಕ್ಕಿ ಅತ್ತರು. "ನೀ ಉಣವಲ್ಲಿ ಅಂತ ನನಗ ತುತ್ತು ಇಳದಿಲ್ಲಲ್ಲ ನನ್ನವ್ವಾ! ರೊಟ್ಟಿ ಮುರದ್ರ ನಿನ್ನ ಮಾರಿ ಕಾಣ್ತಿತ್ತು, ಹಂಗೇ ಎತ್ತಿ ಇಡ್ತಿದ್ದೆ."

ಸುಜಾತಾಳ ಅಳು ನಿಂತೇಹೋಯಿತು. ಅವ್ವನ ಸೊರಗಿದ ಕೊರಳನ್ನು, ಸಡಿಲವಾದ ಬಳೆಗಳನ್ನು ಆಗ ಅವಳು ನೋಡಿದಳು. ತಂದೆ ಗೋಡೆಗೆ ಒರಗಿದರು.

ಮೇಡಂ ಕಣ್ಣೊರೆಸಿಕೊಂಡು, ಚಾಪೆಯನ್ನು ಎಳೆದು ಸರಿಮಾಡಿ, ಚಕ್ಕಳಮಕ್ಕಳ ಹಾಕಿ ಕುಳಿತರು.

"ತಂಗಿ, ನನಗ ಭಾಳ ಹಸಿವ್ಯಾಗೇದ. ನಸುಕಿನಿಂದ ಏನೂ ತಿಂದಿಲ್ಲ. ಒಬ್ಬಾಕೀನೇ ಉಣ್ಣಾಕ ನಾಚಿಕಿ ಬರ್ತದ. ನೀನೂ ಬಾ, ಬಾಜೂಕ ಕೂಡು."

ಬಂದ ಅತಿಥಿಯ ಜೊತೆಗೆ, ಗಂಡನ ಎದುರಿಗೆ, ಆ ಮನೆಯಲ್ಲಿ ಹೆಂಗಸರು ಊಟಕ್ಕೆ ಕೂರುವುದಿಲ್ಲ. ತಾಯಿ ಗಂಡನ ಮುಖ ನೋಡಿದರು. ಅವರು ಒಳಗೆ ಹೋಗಿ ತಾವೇ ಎರಡು ತಟ್ಟೆ ತಂದಿಟ್ಟರು. ಸುಜಾತಾ ಬಡಿಸಿದಳು. ಅವ್ವನಿಗೆ ಬಲಗೈಯಲ್ಲಿ ಮುರಿಯಲಾಗದೆಂದು ರೊಟ್ಟಿಯನ್ನು ಮುರಿದು ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗೇ ಕೊಟ್ಟಳು.

ತಾಯಿಯ ಬಾಯಿ ನಿಂತಾಗಲೆಲ್ಲ ಮೇಡಂ, "ನೀ ಬಿಟ್ರ ನಾನೂ ಏಳಬೇಕಾಗ್ತದ ನೋಡು," ಎನ್ನುತ್ತಿದ್ದರು. ಅವರ ಹಣೆಯ ಮೇಲೆ ಬೆವರೊಡೆದಿತ್ತು. ಮಹಾಗಾಂವದ ಊಟ ಇನ್ನೂ ಅವರ ಗಂಟಲಿನಲ್ಲೇ ಇದ್ದದ್ದು ನನಗೊಬ್ಬಳಿಗೇ ಗೊತ್ತು. ತಾಯಿಯ ತಟ್ಟೆ ಖಾಲಿಯಾಗುತ್ತ ಬಂದಾಗ ಮೇಡಂ ಒಂದು ದೀರ್ಘ ಉಸಿರು ಎಳೆದುಕೊಂಡು, ತಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದರು.

"ಇಬ್ಬರಿಗೂ ಇನ್ನೊಂದೊಂದು ಹಾಕು ಬೇಟಾ."